ಈರುಳ್ಳಿ ಸೊಪ್ಪಿನೊಳಗಿನ ಬಂಗುಡೆ

ಜಪಾನಿನ ಬಂದರೂರಾದ ಹಚಿನೊಹೆಯ ನಮ್ಮ ಮೀನು ಮಾರುಕಟ್ಟೆಯಲ್ಲಿ ನಾನು ಮಾಡುವ ಕೆಲಸವನ್ನು ನನ್ನ ತಾಯಿ ನೆಂಟರ ಮುಂದೆ ‘ಆಡಳಿತ’ ಎಂದು ಹೇಳಿಕೊಳ್ಳುತ್ತಾಳೆ. ಆಡಳಿತವೆಂದರೆ ಬೆಳಿಗ್ಗೆ ಶಟರ್ ಎತ್ತುವುದು, ಚರಂಡಿಯ ಜಾಲರಿಗೆ ಸಿಕ್ಕಿಕೊಂಡ ಮೀನಿನ ಕರುಳು ಕೀಳುವುದು, ಯಾರೋ ಮರೆತುಹೋದ ಕೊಡೆಯ ಬಗ್ಗೆ ಧ್ವನಿವರ್ಧಕದಲ್ಲಿ ಕೂಗುವುದು, ಮತ್ತು ಯಾವ ಅಂಗಡಿಯವರಿಗೆ ಯಾರ ಮೇಲೆ ಸಿಟ್ಟು ಬಂದರೂ ಅವರಿಗೆ ಬಿಟ್ಟು ನನಗೆ ಹೇಳುವುದನ್ನು ಕೇಳಿಸಿಕೊಳ್ಳುವುದು. ಈ ಕೊನೆಯ ಕೆಲಸಕ್ಕೆ ಮಾರುಕಟ್ಟೆ ಸಂಘದವರು ಸಂಬಳ ಕೊಡುವುದಿಲ್ಲ. ಅದಕ್ಕೆ ಬದಲಾಗಿ ಶಿಮಾಮೊರಿಯವರ ಸುಶಿ ಅಂಗಡಿಯಲ್ಲಿ ಮೂಲೆಯ ಸ್ಟೂಲು ಮಧ್ಯಾಹ್ನ ನನಗೆ ಸಿಗುತ್ತದೆ. ಆ ಸ್ಟೂಲಿನ ಒಂದು ಕಾಲು ಗಿಡ್ಡ. ನನ್ನ ಯೋಗ್ಯತೆಗೆ ಸರಿಹೋಗಿದೆ.

ಸುಶಿ ಅಂಗಡಿಯ ಯಜಮಾನರನ್ನು ನಮ್ಮ ಕಡೆ ‘ತಾಯ್‌ಶೋ’ ಎಂದು ಕರೆಯುತ್ತಾರೆ. ಸೇನಾಪತಿ ಎಂದು ಅರ್ಥ. ಶಿಮಾಮೊರಿಯವರ ಸೇನೆಯಲ್ಲಿ ಅವರೊಬ್ಬರೇ. ಅಂಗಡಿಗೆ ಬಾಗಿಲಿಲ್ಲ, ಗೋಡೆಯೂ ಇಲ್ಲ. ಒಣಮೀನಿನ ಅಂಗಡಿಗೂ ಚಾಕು ಸಾಣೆ ಹಿಡಿಯುವವನ ಗೂಡಿಗೂ ನಡುವೆ ಒಂದು ಉದ್ದನೆಯ ಮರದ ಹಲಗೆ, ಹಲಗೆಯ ಮುಂದೆ ಏಳು ಸ್ಟೂಲು. ಕೂತವರ ಬೆನ್ನಿಗೆ ಅಂಟಿಕೊಂಡೇ ಮಾರುಕಟ್ಟೆಯ ಓಣಿ. ಮಂಜುಗಡ್ಡೆಯ ಕೈಗಾಡಿ ಬಂದಾಗೆಲ್ಲ ಏಳೂ ಜನ ಹೊಟ್ಟೆಯನ್ನು ಹಲಗೆಗೆ ಒತ್ತಿ ಮುಂದಕ್ಕೆ ಬಾಗಬೇಕು. ದೂರದಿಂದ ನೋಡಿದವರಿಗೆ ಏಳು ಜನ ಒಟ್ಟಿಗೆ ತಾಯ್‌ಶೋಗೆ ತಲೆಬಾಗಿದಂತೆ ಕಾಣುತ್ತದೆ. ತಾಯ್‌ಶೋ ಮಾತ್ರ ಅದಕ್ಕೂ ಪ್ರತಿಯಾಗಿ ತಲೆಬಾಗುತ್ತಾರೆ. ಅಭ್ಯಾಸಬಲ.

ಅವರು ಅನ್ನ ಹಿಡಿಯುವುದನ್ನು ನೋಡುತ್ತ ನನ್ನ ಬಿಡುವಿನ ಅರ್ಧ ಕಳೆದುಹೋಗುತ್ತದೆ. ಮರದ ಪಾತ್ರೆಯೊಳಗೆ ಕೈ ಹೋಗಿ ಬರುವಷ್ಟರಲ್ಲಿ ಉಂಡೆಯಾಗಿರುತ್ತದೆ. ಮೇಲೆ ಬೆರಳ ತುದಿಯಷ್ಟು ಖಾರದ ವಸಾಬಿ, ಅದರ ಮೇಲೆ ಮೀನಿನ ಹೋಳು, ಒಂದು ಒತ್ತು, ಒಂದು ತಿರುವು. ಅನ್ನ ಮೈಯಷ್ಟೇ ಬಿಸಿ, ಮೀನು ತಣ್ಣಗೆ. ಹಲಗೆಯ ಮೇಲಿಟ್ಟ ತಕ್ಷಣ ಕೈಯಲ್ಲೆತ್ತಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳಬೇಕು. ಫೋಟೊ ತೆಗೆಯುತ್ತ ಕೂತರೆ ತಾಯ್‌ಶೋ ಏನೂ ಅನ್ನುವುದಿಲ್ಲ. ಆ ಗಿರಾಕಿಯ ಮುಂದಿನ ತುಂಡು ತಡವಾಗುತ್ತದೆ, ಅಷ್ಟೆ. ಅದರದೂ ಫೋಟೊ ತೆಗೆದರೆ ಅದರ ಮುಂದಿನದು ಇನ್ನೂ ತಡ. ಟೋಕಿಯೊದಿಂದ ಬಂದವನೊಬ್ಬ ಇಡೀ ಮಧ್ಯಾಹ್ನ ಇಲ್ಲಿ ಕೂತು ಅರೆಹೊಟ್ಟೆಯಲ್ಲಿ ಎದ್ದುಹೋಗಿ, ‘ತುಂಬ ನಿಧಾನ, ತುಂಬ ಶಾಂತ’ ಎಂದು ಹೊಗಳಿ ಬರೆದಿದ್ದನಂತೆ.

ಏನನ್ನೂ ನೇರವಾಗಿ ಹೇಳದಿರುವುದು ತಾಯ್‌ಶೋ ಅವರ ಹುಟ್ಟುಗುಣವಲ್ಲ. ಬೊಂಡಾಸು ಎಂಬ ಸ್ಕ್ವಿಡ್ ಹಿಡಿಯುವ ದೋಣಿಯವರ ಮನೆಯಲ್ಲಿ ಹುಟ್ಟಿದವರು ಅವರು. ಕಡಲಿಗೆ ಇಳಿದರೆ ವಾಂತಿ. ಬಂದರಿನೊಳಗೆ ಕಟ್ಟಿಹಾಕಿದ ದೋಣಿಯಲ್ಲೂ ವಾಂತಿ ಮಾಡಿಕೊಂಡ ಮೇಲೆ ಅವರ ಅಪ್ಪ, ‘ಇವನು ಮೀನನ್ನು ದಡದ ಮೇಲೇ ನೋಡಿಕೊಳ್ಳಲಿ’ ಎಂದು ಊರಿನ ದೊಡ್ಡ ಸುಶಿ ಅಂಗಡಿಗೆ ಸೇರಿಸಿದ. ಅಲ್ಲಿ ವರ್ಷಗಟ್ಟಲೆ ಪಾತ್ರೆ ತೊಳೆದು, ಅನ್ನ ಬೇಯಿಸಿ, ಕಡೆಗೆ ಹಲಗೆಯ ಹಿಂದೆ ನಿಲ್ಲುವ ಭಾಗ್ಯ ಬಂದ ಹೊತ್ತಿಗೆ, ಗುರು ಒಂದು ದಿನ ನಿನ್ನೆಯ ಬಂಗುಡೆಯನ್ನು ಇವತ್ತಿನದೆಂದು ಗಿರಾಕಿಯ ಮುಂದಿಟ್ಟ. ಶಿಮಾಮೊರಿ ಆ ಗಿರಾಕಿಯ ಎದುರಿಗೇ, “ಗುರುಗಳೇ, ಇದು ನಿನ್ನೇದು,” ಎಂದರು. ಅವರು ಇಡೀ ಬದುಕಿನಲ್ಲಿ ನೇರವಾಗಿ ಆಡಿದ ಮಾತು ಅದೊಂದೇ. ಅಂದು ಸಂಜೆಯೊಳಗೆ ಕೆಲಸ ಹೋಯಿತು. ಈ ಮಾರುಕಟ್ಟೆಯಲ್ಲಿ ಹಲಗೆ ಹಾಕಿಕೊಂಡಾಗ ಯಾವ ಅಂಗಡಿಯವರೂ ಅವರಿಗೆ ಮೀನು ಮಾರಲಿಲ್ಲ. ಆ ಗುರು ಎಲ್ಲರಿಗೂ ದೊಡ್ಡ ಗಿರಾಕಿ.

ಆಗ ಓಣಿಯಾಚೆಯ ತೊನೊಸಾಕಿ ಅವ್ವ ಒಂದು ಪೆಟ್ಟಿಗೆ ಬಂಗುಡೆಯನ್ನು ತಂದು ಹಲಗೆಯ ಮೇಲೆ ಕುಕ್ಕಿ, “ಮಾರಿ ಉಳಿದುಹೋಯ್ತು. ಬೇಕಾ? ಬೇಡ ಅಂದ್ರೆ ಬೆಕ್ಕಿಗೆ ಹಾಕ್ತೀನಿ,” ಎಂದಳು. ಆಗಷ್ಟೇ ಶಟರ್ ಎತ್ತಿದ ಹೊತ್ತು. ಮಾರುಕಟ್ಟೆಯಲ್ಲಿ ಇನ್ನೂ ಒಬ್ಬ ಗಿರಾಕಿಯೂ ಕಾಲಿಟ್ಟಿರಲಿಲ್ಲ.

ಮೀನು ಮಾರುವ ಹೆಂಗಸರನ್ನು ನಮ್ಮೂರಲ್ಲಿ ಎಲ್ಲರೂ ಅವ್ವ ಎನ್ನುವುದು. ತೊನೊಸಾಕಿ ಅವ್ವ ತಲೆಗೆ ಬಟ್ಟೆ ಕಟ್ಟಿ, ಮೊಣಕಾಲವರೆಗೆ ರಬ್ಬರ್ ಬೂಟು ಹಾಕಿ, ಅಂದಿನಿಂದ ಇಂದಿನವರೆಗೆ ಪ್ರತಿ ಬೆಳಿಗ್ಗೆ ತಾಯ್‌ಶೋಗೆ ಬಂಗುಡೆ ತಂದುಕೊಟ್ಟಿದ್ದಾಳೆ. ಆ ಬಂಗುಡೆಯಿಂದಲೇ ಅಂಗಡಿಗೆ ಹೆಸರು. ಉಪ್ಪಿನಲ್ಲಿ ಬೆವರಿಸಿ, ವಿನೆಗರ್‌ನಲ್ಲಿ ಅದ್ದಿ, ತೆಳ್ಳಗಿನ ಸಿಪ್ಪೆ ಸುಲಿದು, ಅಂಚು ಬಿಳಚಿ ನಡು ಇನ್ನೂ ಕೆಂಪಗಿರುವಾಗ ಕೊಯ್ದಿಟ್ಟರೆ, ಜನ ಮುಂದಿನ ರೈಲು ಬಿಟ್ಟುಕೊಡುತ್ತಾರೆ. ಶರತ್ಕಾಲದ ಕೊಬ್ಬಿದ ಬಂಗುಡೆಯಾದರೆ ನಾನು ನನ್ನ ಮಾನವನ್ನೂ ಬಿಟ್ಟುಕೊಡುತ್ತೇನೆ. ಈ ಕಥೆಯಲ್ಲಿ ಕೊಟ್ಟೂ ಇದ್ದೇನೆ.

ತೊಂದರೆ ಶುರುವಾದದ್ದು ಅವ್ವನ ಕಣ್ಣಿನಿಂದ. ಎರಡೂ ಕಣ್ಣಿಗೆ ಪೊರೆ. ಮೊದಲೆಲ್ಲ ಹರಾಜಿನ ಕಟ್ಟೆಯಲ್ಲಿ ದಲ್ಲಾಳಿಗಳನ್ನು ಗದರಿಸಿ ಪೆಟ್ಟಿಗೆಯ ತಳದ ಮೀನನ್ನೂ ಎತ್ತಿ ನೋಡುತ್ತಿದ್ದವಳು, ಈಗ ಅವರು ಕೊಟ್ಟದ್ದನ್ನು ನಂಬಿ ತರತೊಡಗಿದಳು. ದಲ್ಲಾಳಿಗಳು ಕಣ್ಣು ಕಾಣದವರಿಗೆ ಕೊಡುವಂಥದ್ದನ್ನೇ ಕೊಡತೊಡಗಿದರು. ಕೊಬ್ಬಿಲ್ಲದ, ಹೊಟ್ಟೆ ಮೆತ್ತಗಾದ ಬಂಗುಡೆ. ಸುಟ್ಟು ತಿನ್ನಲು ಅಡ್ಡಿಯಿಲ್ಲ. ಹಸಿಯಾಗಿ ಅನ್ನದ ಮೇಲೆ ಇಡುವಂಥದ್ದಲ್ಲ. ತಾಯ್‌ಶೋ ಅದನ್ನು ಪ್ರತಿ ಬೆಳಿಗ್ಗೆ ಎರಡೂ ಕೈಯಲ್ಲಿ ತೆಗೆದುಕೊಂಡು, “ಇವತ್ತೂ ನಿಮಗೆ ತೊಂದರೆ ಕೊಟ್ಟೆ ಅವ್ವ,” ಎಂದು ತಲೆಬಾಗಿ, ಅವಳು ಆಚೆ ಹೋದ ಮೇಲೆ ಉಪ್ಪು ಸವರಿ ಸುಡುತ್ತಿದ್ದರು. ಆ ಸುಟ್ಟ ಬಂಗುಡೆ ಮಧ್ಯಾಹ್ನ ನನ್ನ ತಟ್ಟೆಗೆ ಬರುತ್ತಿತ್ತು. ಉಚಿತ. ಮೊದಲ ವಾರ ನಾನು ಅದನ್ನು ಪ್ರೀತಿ ಎಂದುಕೊಂಡಿದ್ದೆ.

ಹಾಗಾದರೆ ಗಿರಾಕಿಗಳಿಗೆ ಕೊಡಲು ಒಳ್ಳೆಯ ಬಂಗುಡೆ ಎಲ್ಲಿಂದ? ಅದನ್ನು ತಾಯ್‌ಶೋ ನನ್ನ ಹತ್ತಿರ ಹೀಗೆ ಕೇಳಿದರು:

“ಕಕುತಾ, ನೀನು ದಿನಾ ಬೆಳಿಗ್ಗೆ ಪೂರ್ವದ ಬಾಗಿಲ ಕಡೆ ಹೋಗ್ತೀಯಲ್ಲ.”

“ಶಟರ್ ಎತ್ತೋಕೆ ಹೋಗ್ತೀನಿ, ತಾಯ್‌ಶೋ.”

“ಬರೋವಾಗ ಕೈ ಖಾಲಿ ಇರುತ್ತೆ.”

“ಇರುತ್ತೆ. ದಿನದಲ್ಲಿ ಅದೊಂದೇ ಹೊತ್ತು ಖಾಲಿ ಇರೋದು.”

“ಹಾಂ.” ಸ್ವಲ್ಪ ಹೊತ್ತು ಚಾಕು ಒರೆಸಿದರು. “ಅಲ್ಲಿ ಸವಾಗುಚಿ ಅಂತ ಒಬ್ಬ ಇದಾನೆ. ಮೀನು ಚೆನ್ನಾಗಿರುತ್ತಂತೆ.”

“ಇರುತ್ತಂತೆ.”

“ಹಾಂ.”

ಅಷ್ಟೇ. ಮರುದಿನ ನಾನು ಪೂರ್ವದ ಬಾಗಿಲಿಗೆ ಹೋದಾಗ, ಅವನಿಗೆ ಯಾರು ಹೇಗೆ ಹೇಳಿದ್ದರೋ, ಸವಾಗುಚಿ ಪೊಟ್ಟಣ ಕಟ್ಟಿಟ್ಟುಕೊಂಡು ಕಾಯುತ್ತಿದ್ದ. ಒಳಗೆ ಮಂಜಿನಲ್ಲಿ ಹೂತ ಬಂಗುಡೆ, ಹೊರಗೆ ಹಳೆಯ ಪತ್ರಿಕೆ, ಪತ್ರಿಕೆಯ ಬಾಯಿಂದ ಮೊಳದುದ್ದ ಇಣುಕುವ ಈರುಳ್ಳಿ ಸೊಪ್ಪು. ಅವ್ವನ ಅಂಗಡಿಯ ಮುಂದೆ ಹಾದುಬರಬೇಕಲ್ಲ, ಅದಕ್ಕೆ ಈ ವೇಷ.

“ಸವಾಗುಚಿಯವರೇ, ಅವ್ವನಿಗೆ ಹೇಗೂ ಕಣ್ಣು ಕಾಣಲ್ಲ. ಈ ಸೊಪ್ಪು ಯಾಕೆ?”

“ಉಳಿದವರಿಗೆ ಕಾಣುತ್ತಲ್ಲಯ್ಯಾ. ತಾಯ್‌ಶೋ ಮರ್ಯಾದೆ ಪ್ರಶ್ನೆ.”

ಉಳಿದವರಿಗೆ ಒಂದು ವಾರದೊಳಗೆ ಎಲ್ಲ ಗೊತ್ತಾಯಿತು. ಒಣಮೀನಿನವನು ನನ್ನನ್ನು ಕಂಡಾಗೆಲ್ಲ, “ಆಡಳಿತದೋರೇ, ಆಫೀಸಿನಲ್ಲಿ ಈರುಳ್ಳಿ ಸಾರು ಜೋರಾ?” ಎನ್ನುತ್ತಿದ್ದ. ಚಾಕು ಸಾಣೆಯವನು ಮೂಗು ಹಿಡಿದುಕೊಳ್ಳುತ್ತಿದ್ದ. ಯಾರೂ ಅವ್ವನಿಗೆ ಹೇಳಲಿಲ್ಲ. ಇಡೀ ಮಾರುಕಟ್ಟೆ ಒಂದಾಗಿ ಅವಳ ಮುಂದೆ ಸುಮ್ಮನಿತ್ತು. ಅದರ ಭಾರ ಹೊತ್ತವನು ಮಾತ್ರ ನಾನು. ಪ್ರತಿದಿನ, ಕಂಕುಳಲ್ಲಿ, ಮಂಜು ಕರಗಿ ಅಂಗಿಯೊಳಗೆ ಇಳಿಯುತ್ತಿರುವಾಗ.

ಇಷ್ಟಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಒಂದು ಬೆಳಿಗ್ಗೆ ಅವ್ವ ಕಚೇರಿಗೆ ಬಂದಳು. ಬಾಗಿಲ ಚೌಕಟ್ಟನ್ನು ಕೈಯಿಂದ ತಡವಿ ಒಳಗೆ ಬಂದು, ನನ್ನ ಕುರ್ಚಿಯ ಪಕ್ಕದ ಕ್ಯಾಲೆಂಡರಿಗೆ, “ಲೇ ಕಕುತಾ,” ಎಂದಳು.

“ಇಲ್ಲಿದೀನಿ ಅವ್ವ.”

“ಗೊತ್ತು ಬಿಡು.” ಕ್ಯಾಲೆಂಡರಿನಿಂದ ನನ್ನ ಕಡೆ ತಿರುಗಿದಳು. “ಆಸ್ಪತ್ರೆಗೆ ಒಂದು ಫೋನ್ ಮಾಡ್ಕೊಡು. ಆಪರೇಷನ್ನು ಮುಂದಕ್ಕೆ ಹಾಕಿ ಅನ್ನು.”

“ಮತ್ತೆ ಮುಂದಕ್ಕಾ? ಡಾಕ್ಟರು ಏನಂದ್ರು?”

“ಇನ್ನೂ ತಡ ಮಾಡಿದ್ರೆ ಆಪರೇಷನ್ನೇ ಕಷ್ಟ ಆಗುತ್ತಂತೆ. ಅವರಿಗೇನು, ಕೂತು ಹೇಳ್ತಾರೆ. ಬಂಗುಡೆ ಕಾಲ ಮುಗೀಲಿ.”

“ಬಂಗುಡೆ ಮುಗಿದ್ರೆ ಬೊಂಡಾಸು ಜೋರಾಗುತ್ತೆ.”

“ಬೊಂಡಾಸು ಮುಗೀಲಿ.”

“ಆಮೇಲೆ ಕತ್ತಲೆ ಕಾಲ ಬರುತ್ತೆ ಅವ್ವ! ಅಂಗಡಿ ಮುಚ್ಚಿ ಮೊದಲು ಕಣ್ಣು ಮಾಡಿಸ್ಕೊಳ್ಳಿ.”

ಅವಳಿಗೂ ಅದೇ ಬೇಕಿತ್ತು. ಅಂಗಡಿ ಮುಚ್ಚಿ, ಕಣ್ಣು ಮಾಡಿಸಿಕೊಂಡು, ಗೆಳತಿಯರ ಜೊತೆ ಬೆಟ್ಟದ ಮೇಲಿನ ಬಿಸಿನೀರಿನ ಬುಗ್ಗೆಗೆ ಹೋಗಿ, ಕತ್ತಿನವರೆಗೆ ನೀರಿನಲ್ಲಿ ಮುಳುಗಿ ಹಿಮ ಬೀಳುವುದನ್ನು ನೋಡುತ್ತ ಇಡೀ ಚಳಿಗಾಲ ಕಳೆಯಬೇಕು. ಹೇಳುವಾಗಲೇ ಅವಳ ಭುಜಗಳು ಕೆಳಗಿಳಿದವು. ಆಮೇಲೆ ಮತ್ತೆ ಮೇಲೇರಿದವು.

“ನಾನು ಮುಚ್ಚಿದ್ರೆ ಆ ತಾಯ್‌ಶೋಗೆ ಬಂಗುಡೆ ಕೊಡೋರ್ಯಾರು? ಅವನು ಬೇರೆಯವರ ಹತ್ರ ಹೋಗಿ ಬಾಯಿಬಿಟ್ಟು ಕೇಳೋ ಮನುಷ್ಯನಾ? ಅಂಗಡಿ ಮುಚ್ಕೊಂಡು ಕೂತ್ಕೊಳ್ತಾನೆ.”

ಈರುಳ್ಳಿ ಸೊಪ್ಪಿನ ಪೊಟ್ಟಣ ಆ ಹೊತ್ತು ನನ್ನ ತೊಡೆಯ ಮೇಲೇ ಇತ್ತು. ತೊಡೆ ಮರಗಟ್ಟಿತ್ತು. ಬಾಯಿಯೂ.

“ಅವನಿಗೆ ಹೇಳಬೇಡ ಮತ್ತೆ,” ಎಂದು ಅವ್ವ ನನ್ನ ಕೈ ಹಿಡಿದಳು. “ನನ್ನಿಂದ ಅವಳ ಕಣ್ಣು ಹೋಯ್ತು ಅಂತ ಕೊರಗ್ತಾನೆ.”

ನಾನು ಆಸ್ಪತ್ರೆಗೆ ಫೋನು ಮಾಡಿದೆ. ಆದರೆ ಅವಳು ಕೇಳಿದಷ್ಟು ಮುಂದಕ್ಕಲ್ಲ. ಅವರು ಕೊಟ್ಟ ಮೊದಲ ಗುರುವಾರವನ್ನೇ ಗೊತ್ತುಮಾಡಿ, “ಇದಾದ ಮೇಲೆ ತಾರೀಕು ಕೊಡೋಲ್ವಂತೆ ಅವ್ವ,” ಎಂದು ಸುಳ್ಳು ಹೇಳಿದೆ. “ಅಂಥ ಆಸ್ಪತ್ರೆಗೆ ಯಾರು ಹೋಗ್ತಾರೆ,” ಎಂದು ಅವಳು ಎದ್ದುಹೋದಳು.

ಮಧ್ಯಾಹ್ನ ಮೂಲೆಯ ಸ್ಟೂಲಿನಲ್ಲಿ ಕೂತು, ಅವ್ವನ ಮಾತು ಮೀರದ ಹಾಗೆ ಸುತ್ತಿ ಬಳಸಿ ಶುರುಮಾಡಿದೆ. “ತಾಯ್‌ಶೋ, ಅವ್ವನ ಕಣ್ಣು ಸ್ವಲ್ಪ...”

“ಗೊತ್ತು.”

“ಗೊತ್ತಾ?”

“ನನಗೆ ಹೇಳಬೇಕಾದ ನಮಸ್ಕಾರಾನ ದಿನಾ ಒಣಮೀನಿನವನಿಗೆ ಹೇಳ್ತಾಳೆ. ಗೊತ್ತಾಗಲ್ವಾ?”

“ಹಾಗಾದ್ರೆ ನಾಳೆಯಿಂದ ಮೀನು ಬೇಡ ಅನ್ನಿ! ಪಾಪ, ಅವರಿಗೂ ವಿಶ್ರಾಂತಿ...”

ತಾಯ್‌ಶೋ ನನ್ನ ಮುಂದೆ ಬೊಂಡಾಸಿನ ತುಂಡು ಇಟ್ಟರು. ಇಟ್ಟ ಬೆರಳನ್ನು ಹಿಂದಕ್ಕೆ ತೆಗೆಯಲಿಲ್ಲ. “ಕಣ್ಣು ಹೋಗ್ತಾ ಇರೋ ಹೆಂಗಸಿಗೆ, ನಿಮ್ಮ ಮೀನೂ ಸರಿಯಿಲ್ಲ ಅಂತ ನಾನು ಹೇಳಲಾ? ಯಾರೂ ಕೊಡದಾಗ ಕೊಟ್ಟೋಳಿಗೆ?”

ಬೊಂಡಾಸು ತಿಂದೆ. ಸಿಹಿಯಾಗಿತ್ತು, ನಾಲಗೆಗೆ ಅಂಟಿಕೊಳ್ಳುತ್ತಿತ್ತು. ಅಷ್ಟು ಚೆನ್ನಾಗಿದ್ದುದಕ್ಕೆ ಇನ್ನೂ ಸಿಟ್ಟು ಬಂತು.

ಸಂಘದ ಅಧ್ಯಕ್ಷ ಮುಕಾಯ್‌ದಾ ಅವರ ಹತ್ತಿರ ಹೋದೆ. ಅವರು ಕಣ್ಣು ಮುಚ್ಚಿ, ಉಸಿರನ್ನು ಹಲ್ಲಿನ ಸಂದಿಯಿಂದ ಸೂಸ್ ಎಂದು ಒಳಗೆಳೆದುಕೊಂಡು ಬಹಳ ಹೊತ್ತು ಯೋಚಿಸಿದರು. ನಮ್ಮಲ್ಲಿ ಯಾರಾದರೂ ಹಾಗೆ ಉಸಿರೆಳೆದರೆಂದರೆ ಕೆಲಸ ಆಗುವುದಿಲ್ಲ ಎಂದೇ ಲೆಕ್ಕ.

“ಸಮಯ ಸಂದರ್ಭ ನೋಡ್ಕೊಂಡು ನೀನೇ ಏನಾದ್ರೂ ಮಾಡು ಕಕುತಾ. ಆದರೆ ಏನೂ ಮಾಡಿದ ಹಾಗೆ ಕಾಣಬಾರದು.”

ಏನೂ ಮಾಡಿದ ಹಾಗೆ ಕಾಣದಂತೆ ನಾನು ಧ್ವನಿವರ್ಧಕ ಹಿಡಿದು, ‘ಮಾನ್ಯ ಅಂಗಡಿಯವರೇ, ಕಣ್ಣಿನ ಚಿಕಿತ್ಸೆಯನ್ನು ಮುಂದೂಡಬೇಡಿ, ನಿಮ್ಮ ಗಿರಾಕಿಗಳು ಕಾಯುತ್ತಾರೆ’ ಎಂದು ದಿನಕ್ಕೊಂದು ಸಲ ಕೂಗಿದೆ. ಒಣಮೀನಿನವನು ಕನ್ನಡಕ ಬದಲಾಯಿಸಿದ. ಮುಕಾಯ್‌ದಾ ಅವರು ಪರೀಕ್ಷೆ ಮಾಡಿಸಿಕೊಂಡು ಬಂದರು. ಅವ್ವ ಮಾತ್ರ, “ಈ ಹುಡುಗನಿಗೆ ಹೆಣ್ಣು ನೋಡೋಕೆ ಹೇಳಿ ಯಾರಾದ್ರೂ, ತಲೆ ಕೆಡ್ತಿದೆ,” ಎಂದಳಂತೆ.

ಆ ಗುರುವಾರ ಹತ್ತಿರ ಬಂತು. ಅಂದು ಮಂಗಳವಾರ. ಹಿಂದಿನ ಎರಡು ದಿನ ಹಿಮ ಬಿದ್ದು, ಜನರ ಬೂಟಿನಿಂದ ಒಳಗೆ ಬಂದು ಕರಗಿ, ಓಣಿಯೆಲ್ಲ ಜಾರುಬಂಡೆಯಾಗಿತ್ತು. ಅದನ್ನು ಒರೆಸಬೇಕಾದ ಆಡಳಿತ ಈರುಳ್ಳಿ ಸೊಪ್ಪು ಹೊತ್ತು ಬರುತ್ತಿತ್ತು. ತೊನೊಸಾಕಿ ಅವ್ವನ ಅಂಗಡಿಯ ಎದುರಿಗೇ, ಬೇರೆಲ್ಲೂ ಅಲ್ಲ ಎದುರಿಗೇ, ನನ್ನ ಕಾಲು ಮುಂದಕ್ಕೆ ಹೋಯಿತು, ನಾನು ಹಿಂದಕ್ಕೆ. ಪೊಟ್ಟಣ ಒಡೆದು ಈರುಳ್ಳಿ ಸೊಪ್ಪು ನನ್ನ ಎದೆಯ ಮೇಲೆ ಹರಡಿತು. ಬಂಗುಡೆಗಳು ಮಂಜಿನ ಜೊತೆ ಸರ್ರನೆ ಜಾರಿಹೋಗಿ ಅವ್ವನ ಬೂಟಿಗೆ ತಾಗಿ ನಿಂತವು.

ಒಣಮೀನಿನವನು ಮೀನು ತೂಗುವುದನ್ನು ಬಿಟ್ಟು ಕತ್ತು ಚಾಚಿದ.

ಅವ್ವ ಮೊಣಕಾಲಿಗೆ ಕೈಯೂರಿ ಬಗ್ಗಿದಳು. ಒಂದು ಮೀನನ್ನು ಹುಡುಕಿ ಎತ್ತಿಕೊಂಡು, ಹೆಬ್ಬೆರಳನ್ನು ಅದರ ಬೆನ್ನಿಗೆ ಒತ್ತಿದಳು. ಆಮೇಲೆ ಹೊಟ್ಟೆಗೆ. ಕಿವಿರು ಬಿಡಿಸಿ ಮೂಸಿದಳು. ಹೆಬ್ಬೆರಳನ್ನು ಮತ್ತೆ ಬೆನ್ನಿಗೆ ತಂದು ಅಲ್ಲೇ ಇಟ್ಟುಕೊಂಡು ನಿಂತಳು.

“ಇದು ಸವಾಗುಚಿ ಮೀನು,” ಎಂದಳು, ನನಗೆ ಮಾತ್ರ ಕೇಳುವಷ್ಟು. “ದಿನಾನಾ?”

ನಾನು ಮಲಗಿದಲ್ಲೇ ತಲೆಯಾಡಿಸಿದೆ. ಅವಳಿಗೆ ಕಾಣುವುದಿಲ್ಲ ಎಂದು ನೆನಪಾಗಿ, “ದಿನಾ ಅವ್ವ,” ಎಂದೆ.

“ಹಾಂ. ಕಣ್ಣು ಹೋಗಿದೆ, ಹೆಬ್ಬೆರಳು ಹೋಗಿಲ್ಲ.” ಮೀನನ್ನು ಇನ್ನೊಂದು ಕೈಗೆ ಬದಲಾಯಿಸಿದಳು. “ಏಳು ಮಗಾ. ಸೊಂಟ ಹಿಡ್ಕೊಳ್ಳುತ್ತೆ.”

ಸದ್ಯ, ಮುಗಿಯಿತು ಎಂದುಕೊಂಡೆ. ಬಿದ್ದರೂ ಸರಿ, ಬಟ್ಟೆ ಹಾಳಾದರೂ ಸರಿ, ಇನ್ನು ಅವಳು ಆಸ್ಪತ್ರೆಗೆ ಹೋಗುತ್ತಾಳೆ, ನಾನು ಅಂಗಿ ಒಣಗಿಸಿಕೊಳ್ಳುತ್ತೇನೆ. ಅವ್ವ ಬಂಗುಡೆಗಳನ್ನು ಒಂದೊಂದಾಗಿ ಹೆಕ್ಕಿ, ತನ್ನ ನಲ್ಲಿಯಲ್ಲಿ ತೊಳೆದು, ತನ್ನ ಪೆಟ್ಟಿಗೆಯಲ್ಲಿ ತನ್ನ ಮಂಜಿನ ಮೇಲೆ ಸಾಲಾಗಿ ಜೋಡಿಸಿದಳು. ಪೆಟ್ಟಿಗೆ ಎತ್ತಿಕೊಂಡು, ಕಾಲಿನಿಂದ ನೆಲ ತಡವುತ್ತ ಓಣಿ ದಾಟಿ, ತಾಯ್‌ಶೋ ಅವರ ಹಲಗೆಯ ಮೇಲಿಟ್ಟಳು.

“ತಾಯ್‌ಶೋ, ಇವತ್ತಿನ ಬಂಗುಡೆ.”

ತಾಯ್‌ಶೋ ಎಲ್ಲವನ್ನೂ ನೋಡಿದ್ದರು. ಓಣಿಯ ಅಗಲವೇ ಎರಡು ಮಾರು. ಅವರು ಎರಡೂ ಕೈಯಲ್ಲಿ ಪೆಟ್ಟಿಗೆ ತೆಗೆದುಕೊಂಡರು. “ಓಹೋ. ಇವತ್ತು ಅವ್ವನ ಮೀನು ಬಹಳ ಚೆನ್ನಾಗಿದೆ.”

“ಯಾವಾಗ್ಲೂ ಚೆನ್ನಾಗೇ ಇರುತ್ತೆ.”

“ಹೌದೌದು. ಇವತ್ತೂ ನಿಮಗೆ ತೊಂದರೆ ಕೊಟ್ಟೆ ಅವ್ವ.”

“ನಾಳೆನೂ ತರ್ತೀನಿ.”

ಇಬ್ಬರೂ ಒಬ್ಬರಿಗೊಬ್ಬರು ತಲೆಬಾಗಿದರು. ಅವಳು ಸ್ವಲ್ಪ ಹೆಚ್ಚು ಬಾಗಿದಳು, ಅದಕ್ಕೆ ಅವರು ಇನ್ನೂ ಸ್ವಲ್ಪ ಬಾಗಿದರು, ಅದಕ್ಕೆ ಅವಳು ಮತ್ತೆ. ನಾನು ಇನ್ನೂ ನೆಲದ ಮೇಲಿದ್ದೆ. ನಾಳೆ ಎಂದರೆ ಬುಧವಾರ. ನಾಡಿದ್ದು ಗುರುವಾರ. ಇವಳು ನಾಡಿದ್ದೂ ಬಂಗುಡೆ ತರುತ್ತಾಳೆ, ಇವರು ನಾಡಿದ್ದೂ ಹೊಗಳುತ್ತಾರೆ, ಇವರಿಬ್ಬರ ಮರ್ಯಾದೆ ಉಳಿಯುವಷ್ಟರಲ್ಲಿ ಅವಳ ಕಣ್ಣು ಉಳಿಯುವುದಿಲ್ಲ. ನಾನು ಎದ್ದೆ. ಎದ್ದವನ ಬಾಯಿಂದ ಬಂದ ದನಿ ಧ್ವನಿವರ್ಧಕವಿಲ್ಲದೆಯೇ ಪೂರ್ವದ ಬಾಗಿಲವರೆಗೆ ಕೇಳಿಸಿತಂತೆ.

“ಅವ್ವ! ತಾಯ್‌ಶೋಗೆ ನಿಮ್ಮ ಮೀನು ಬೇಡ! ನಿಮ್ಮ ಮೀನು ಸುಟ್ಟು ನನಗೆ ಹಾಕ್ತಾರೆ, ತಿಂದೂ ತಿಂದೂ ನನಗೆ ಈಜು ಬರೋ ಹಾಗಾಗಿದೆ! ತಾಯ್‌ಶೋ! ನಿಮಗೆ ಮೀನು ಮಾರೋದು ಅವ್ವನಿಗೆ ಬೇಡ! ಅವರಿಗೆ ಬಿಸಿನೀರಲ್ಲಿ ಕೂತ್ಕೋಬೇಕು! ನಾಡಿದ್ದು ಕಣ್ಣಿನ ಆಪರೇಷನ್ನು, ನಿಮಗೋಸ್ಕರ ಹೋಗ್ತಿಲ್ಲ! ಈ ಇಡೀ ಮಾರ್ಕೆಟ್ಟಲ್ಲಿ ಈ ಬಂಗುಡೆ ಯಾರಿಗಾದ್ರೂ ಬೇಕಾಗಿದ್ರೆ ಅದು ನನ್ನ ಪ್ಯಾಂಟಿಗೆ ಮಾತ್ರ, ವಾಸನೆ ಬಿಡ್ತಾನೇ ಇಲ್ಲ!”

ಹಲಗೆಯ ಮುಂದೆ ಬೆಳಗಿನ ಮೊದಲ ಗಿರಾಕಿಗಳು, ಸೆಂದಾಯ್‌ನ ಗಂಡ ಹೆಂಡತಿ, ಬಾಯಲ್ಲಿದ್ದುದನ್ನು ಅಗಿಯುವುದು ನಿಲ್ಲಿಸಿದ್ದರು. ತಾಯ್‌ಶೋ ಅವರ ಕಡೆ ತಿರುಗಿ, “ಗಲಾಟೆ ಆಯ್ತು, ಕ್ಷಮಿಸಬೇಕು,” ಎಂದು ಇಬ್ಬರಿಗೂ ಒಂದೊಂದು ತುಂಡು ಹೆಚ್ಚಿಗೆ ಇಟ್ಟರು. ನನ್ನ ಕಡೆ ನೋಡಲೂ ಇಲ್ಲ. ಅವ್ವ ಓಣಿ ದಾಟಿ ತನ್ನ ಅಂಗಡಿಗೆ ಹೋಗಿ, ಬೆನ್ನು ತಿರುಗಿಸಿ, ಆಗಲೇ ಸ್ವಚ್ಛವಾಗಿದ್ದ ಹಲಗೆಯನ್ನು ತೊಳೆಯತೊಡಗಿದಳು. ಒಣಮೀನಿನವನು ನನಗೆ ಮೆಲ್ಲಗೆ, “ಛೆ, ಹಾಗೆಲ್ಲ ಹೇಳಬಾರದಪ್ಪಾ,” ಎಂದ. ದಿನಾ ನನ್ನನ್ನು ಈರುಳ್ಳಿ ಸಾರು ಎಂದು ಗೇಲಿ ಮಾಡುತ್ತಿದ್ದವನು!

ಕೆಲಸ ಹೋಯಿತು ಎಂದುಕೊಂಡೆ. ನೇರ ಮಾತಿಗೆ ಈ ಊರಿನಲ್ಲಿ ಏನಾಗುತ್ತದೆಂದು ತಾಯ್‌ಶೋ ಕಥೆಯಿಂದಲೇ ಗೊತ್ತಿತ್ತಲ್ಲ.

ನೀರು ನಿಂತಿತು. ಅವ್ವ ಮತ್ತೆ ಓಣಿ ದಾಟಿ ಬಂದಳು. ಈ ಸಲ ಕೈಯಲ್ಲಿ ಏನೂ ಇರಲಿಲ್ಲ.

“ತಾಯ್‌ಶೋ. ಆಸ್ಪತ್ರೆ ಗುರುವಾರ.”

“ಬೆಳಿಗ್ಗೆಯಾ, ಮಧ್ಯಾಹ್ನಾನಾ?”

“ಬೆಳಿಗ್ಗೆ.”

ತಾಯ್‌ಶೋ ಬಂಗುಡೆಯ ತಲೆ ಕೊಯ್ದರು. “ನನ್ನ ವ್ಯಾನು ಇದೆ.”

“ಅದರಲ್ಲಿ ಮೀನು ವಾಸನೆ.”

“ನಿಮಗೇನು ಹೊಸದಾ?”

ಇಷ್ಟಕ್ಕೆ ಇಷ್ಟು ದಿನ. ಇಷ್ಟು ಮಾತಿಗೆ ನನ್ನ ಒಂದು ಪ್ಯಾಂಟು.

ಮರುದಿನ ಬೆಳಿಗ್ಗೆ ತಾಯ್‌ಶೋ ಕಚೇರಿಗೆ ಬಂದು, ಚೆಂದದ ಕಾಗದದಲ್ಲಿ ಸುತ್ತಿದ ಸಿಹಿ ಅಲಸಂದೆ ಹಲ್ವದ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, “ನಿನ್ನೆ ಅವ್ವನಿಂದ ನಿನಗೆ ತೊಂದರೆಯಾಯ್ತು,” ಎಂದರು. ಅವರು ಹೋದ ಮೇಲೆ ಅವ್ವ ಬಂದು, ಅದೇ ಅಂಗಡಿಯ ಅದೇ ಕಾಗದದ ಪೆಟ್ಟಿಗೆಯನ್ನು ಕ್ಯಾಲೆಂಡರಿನ ಕಡೆ ಚಾಚಿ, “ತಾಯ್‌ಶೋನಿಂದ ನಿನಗೆ ತೊಂದರೆಯಾಯ್ತು,” ಎಂದಳು. ಯಾರೊಬ್ಬರೂ ತಮ್ಮಿಂದ ಎನ್ನಲಿಲ್ಲ.

ಗುರುವಾರ ಬಂಗುಡೆ ಕಾಲದ ನಡುವೆ ಸುಶಿ ಅಂಗಡಿ ಮುಚ್ಚಿತ್ತು. ‘ಅನಿವಾರ್ಯ ಕಾರಣ’ ಎಂದು ಬೋರ್ಡು. ರೈಲು ಹಿಡಿದು ಬಂದವರೆಲ್ಲ ಆ ಕಾರಣ ಏನೆಂದು ನನ್ನನ್ನು ಕೇಳಿದರು. “ಅನಿವಾರ್ಯ,” ಎಂದೆ. ಸಂಜೆಯ ಹೊತ್ತಿಗೆ ನನಗೂ ಹಲ್ಲಿನ ಸಂದಿಯಿಂದ ಉಸಿರೆಳೆಯಲು ಬಂತು.

ಅವ್ವ ಮತ್ತೆ ಮಾರುಕಟ್ಟೆಗೆ ಬಂದದ್ದು ಎರಡನೆಯ ಕಣ್ಣಿನದೂ ಮುಗಿದ ಮೇಲೆ. ತಲೆಗೆ ಬಟ್ಟೆಯಿಲ್ಲ, ಬೂಟಿಲ್ಲ, ಕೋಟು ಹಾಕಿಕೊಂಡು ಕಪ್ಪು ಕನ್ನಡಕದಲ್ಲಿ ಯಾರೋ ಸಿನಿಮಾದವರ ತಾಯಿಯಂತೆ ಬಂದಳು. ಅಂಗಡಿ ಮುಚ್ಚಿಬಿಟ್ಟಿದ್ದೇನೆ, ನಾಳೆ ಬಿಸಿನೀರಿನ ಬುಗ್ಗೆಗೆ ಹೊರಟಿದ್ದೇನೆ ಎಂದಳು. ಆಮೇಲೆ ನನ್ನನ್ನು ಏಳಿಸಿ ನನ್ನ ಸ್ಟೂಲಿನಲ್ಲಿ ಕೂತಳು.

ಮೀನು ಮಾರುವ ಅವ್ವಂದಿರು ಸುಶಿ ಹಲಗೆಯ ಮುಂದೆ ಕೂರುವುದಿಲ್ಲ. ಮೈಯ ಮೀನು ವಾಸನೆ ಗಿರಾಕಿಗಳ ಊಟಕ್ಕೆ ಅಡ್ಡ ಬರುತ್ತದೆ ಎಂದು ಅವರೇ ಮಾಡಿಕೊಂಡ ನಿಯಮ. ಇಷ್ಟು ವರ್ಷ ಎದುರಿಗಿದ್ದೂ ಅವಳು ಇಲ್ಲಿ ಒಂದು ತುತ್ತು ತಿಂದಿರಲಿಲ್ಲ. ತಾಯ್‌ಶೋ ಕೈ ತೊಳೆದರು. ಮತ್ತೊಮ್ಮೆ ತೊಳೆದರು. ಅವ್ವ ಕನ್ನಡಕ ತೆಗೆದು ಅವರನ್ನು ದಿಟ್ಟಿಸಿದಳು.

“ಅಯ್ಯೋ ತಾಯ್‌ಶೋ! ನೀನು ಯಾವಾಗ ಇಷ್ಟು ಮುದುಕ ಆದೆ?”

“ನೀವು ನೋಡದೆ ಇರೋವಾಗ.”

ಬಂಗುಡೆ ಇಟ್ಟರು. ಅವಳು ಕೈಯಲ್ಲೆತ್ತಿ, ಒಂದು ಕ್ಷಣ ಅದರ ಬಣ್ಣ ನೋಡಿ, ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. “ಮಂಜು!” ಎಂದು ಕೂಗುತ್ತ ಕೈಗಾಡಿ ಬಂತು. ಕೂತವರೆಲ್ಲ ಬಾಗಿದರು, ಅವಳೂ ಬಾಗಿದಳು, ತಾಯ್‌ಶೋ ಪ್ರತಿಯಾಗಿ ಬಾಗಿದರು. ಹಲಗೆಯ ಹಿಂದೆ ಅವರ ಕೈ ಸುಮ್ಮನೆ ಒರೆಸಿದ್ದನ್ನೇ ಒರೆಸುತ್ತಿತ್ತು.

“ವಿನೆಗರ್ ಒಂದು ಚೂರು ಜಾಸ್ತಿ,” ಎಂದಳು ಅವ್ವ.

ಗಿರಾಕಿಗಳ ಎದುರಿಗೇ. ನಾನು ಕಣ್ಣು ಮುಚ್ಚಿಕೊಂಡೆ.

“ಹೌದಾ?” ಎಂದರು ತಾಯ್‌ಶೋ. ಒಂದು ಹೋಳು ಕೊಯ್ದು ತಾವೇ ಬಾಯಿಗೆ ಹಾಕಿಕೊಂಡು ನೋಡಿದರು. “ಹೌದು.” ಅಷ್ಟೇ. ಮಾರುಕಟ್ಟೆಯ ತಗಡಿನ ಮಾಡು ಕುಸಿಯಲಿಲ್ಲ. ಅವ್ವ ಇನ್ನೊಂದು ಕೇಳಿದಳು.

ಚಳಿಗಾಲ ಕಳೆದು ಅವಳು ಬೆಟ್ಟದಿಂದ ಇಳಿದು ಬಂದಳು, ಕೆಂಪಗೆ, ಮೆತ್ತಗೆ, ಮಾತು ಎರಡರಷ್ಟಾಗಿ. ಮನೆಯಲ್ಲಿ ಕೂರಲಾರಳು. ಈಗ ದಿನಾ ಬೆಳಿಗ್ಗೆ ಪೂರ್ವದ ಬಾಗಿಲಿಗೆ ಹೋಗಿ, ತಾಯ್‌ಶೋಗೆ ಬೇಕಾದ ಮೀನನ್ನು ಸವಾಗುಚಿಯ ಅಂಗಡಿಯಿಂದ ಅವಳೇ ಆರಿಸಿ ತರುತ್ತಾಳೆ. ದಾರಿಯಲ್ಲಿ ನನಗೆ ಚರಂಡಿಯ ಜಾಲರಿ ತೋರಿಸಿ, “ಇದೇನೋ ಇದು, ಇಷ್ಟು ದಿನ ಹೀಗೇ ಇತ್ತಾ?” ಎಂದು ಬೈಯುತ್ತಾಳೆ. ಈಗ ಅವಳಿಗೆ ಎಲ್ಲವೂ ಕಾಣುತ್ತದೆ.

ಹೋದ ವಾರ ನಾನು ಶಟರ್ ಎತ್ತಿ ಹಿಂತಿರುಗುವಾಗ ಸವಾಗುಚಿ ನನ್ನ ತೋಳು ಹಿಡಿದು ಕಂಬದ ಮರೆಗೆ ಎಳೆದ.

“ಕಕುತಾ, ಒಂದು ಉಪಕಾರ ಮಾಡು. ಆ ಅವ್ವ ಪೆಟ್ಟಿಗೇಲಿರೋ ಪ್ರತಿ ಮೀನಿಗೂ ಹೆಬ್ಬೆರಳು ಒತ್ತಿ ಹೋಗ್ತಾರೆ. ಗುಳಿ ಬೀಳುತ್ತೆ. ಗುಳಿ ಬಿದ್ದ ಮೀನನ್ನ ಯಾರು ತಗೊಳ್ತಾರೆ?”

“ಅವರಿಗೇ ಹೇಳಿ, ಸವಾಗುಚಿಯವರೇ.”

ಅವನು ಉಸಿರನ್ನು ಹಲ್ಲಿನ ಸಂದಿಯಿಂದ ಒಳಗೆಳೆದುಕೊಂಡ. “ದೊಡ್ಡೋರು. ನಾನು ಹೇಗೆ ಹೇಳಲಿ? ನೀನೇ ಹೇಗಾದ್ರೂ... ನಾನು ಹೇಳಿದೆ ಅಂತ ಮಾತ್ರ ಹೇಳಬೇಡ.”

ಅಂದಿನಿಂದ ಪೂರ್ವದ ಬಾಗಿಲಿಗೆ ಓಡುತ್ತ ಹೋಗಿ ಓಡುತ್ತ ಬರುತ್ತೇನೆ, ಯಾರೂ ಕೈಗೆ ಏನನ್ನೂ ಕೊಡಲಾಗದ ಹಾಗೆ. ನೆಲ ಒದ್ದೆಯಿದ್ದರೆ ಮೊದಲು ಒರೆಸಿ, ಆಮೇಲೆ ಓಡುತ್ತೇನೆ.